ಗಾಳಿ ಪೆಟ್ಟಿಗೆಯ ಮಾಸ್ಟರ್

ಆ ಮನೆಯಲ್ಲಿ ಹೊಗಳುವುದಕ್ಕೆ ಇದ್ದದ್ದು ಒಂದೇ ಮಾತು: ‘ಪರವಾಗಿಲ್ಲ.’ ಮಗಳು ತರಗತಿಗೇ ಮೊದಲಿಗಳಾಗಿ ಬಂದಾಗ ಪರವಾಗಿಲ್ಲ. ಪದವಿ ಮುಗಿಸಿ ಕಪ್ಪು ನಿಲುವಂಗಿ ತೊಟ್ಟು ನಿಂತಾಗ ಪರವಾಗಿಲ್ಲ, ತೋಳು ಸ್ವಲ್ಪ ಉದ್ದ ಆಯ್ತು. ಹೆಂಡತಿ ಟೈಫಾಯ್ಡಿನಿಂದ ಎದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಯವರೆಗೆ ನಡೆದಾಗಲೂ ಅದೇ ಪರವಾಗಿಲ್ಲ. ಅಪ್ಪ ಬೇಕರಿ ಮಾಸ್ಟರ್. ಭಟ್ಟಿಯಿಂದ ಆಗತಾನೆ ಇಳಿದ ಬನ್ನನ್ನೇ ಹೊಗಳದವರು, ಬಿಸಿ ಆರಿದ ಮನುಷ್ಯರನ್ನು ಹೊಗಳುತ್ತಾರೆಯೇ?

“‘ಚೆನ್ನಾಗಿದೆ’ ಅಂದ್ಬಿಟ್ರೆ ಹಿಟ್ಟಿಗೂ ಸೊಕ್ಕು ಬರುತ್ತೆ, ಮಕ್ಕಳಿಗೂ ಬರುತ್ತೆ,” ಎನ್ನುತ್ತಿದ್ದರು. “ಎರಡೂ ಉಬ್ಬಿ ಉಬ್ಬಿ ಆಮೇಲೆ ನಡುವೆ ಕುಸೀತವೆ.”

ಮಗಳನ್ನು ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಗಿಳಿ ಎಂದು. ಮೂಗು ನೋಡಿ ಇಟ್ಟ ಹೆಸರಲ್ಲ, ನಾಲಿಗೆ ನೋಡಿ ಇಟ್ಟದ್ದು. ಕಿವಿಗೆ ಬಿದ್ದ ಯಾವ ದನಿಯೂ ಅವಳ ಬಾಯಿಂದ ಹೊರಗೆ ಬಾರದೆ ಇರುತ್ತಿರಲಿಲ್ಲ. ಬೇಕರಿಯ ಗಲ್ಲಾದ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು, ಒಂದೇ ಬ್ರೆಡ್ಡನ್ನು ಹತ್ತು ಸಲ ಒತ್ತಿ ನೋಡುವ ಟೈಲರನನ್ನು ಮಾಡಿ ತೋರಿಸುತ್ತಿದ್ದಳು. ‘ನೆನ್ನೇದಲ್ಲ ತಾನೇ?’ ಎಂದು ಮೂಗಿನಲ್ಲೇ ಕೇಳುವ ನರ್ಸಮ್ಮನನ್ನು ಮಾಡುತ್ತಿದ್ದಳು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಪ್ಪ ಮಾತ್ರ ಭಟ್ಟಿಯ ಕಡೆಯಿಂದ ತಿರುಗದೆ, “ಗಿರಾಕಿ ದೇವರಲ್ಲದೇ ಇರಬಹುದು ಕಣೇ ಗಿಳಿ, ಆದ್ರೆ ಕಿವಿ ಇರೋನು,” ಎನ್ನುತ್ತಿದ್ದರು.

ಅಪ್ಪನನ್ನು ಮಾತ್ರ ಅವಳು ಎಂದೂ ಮಾಡಿ ತೋರಿಸಿರಲಿಲ್ಲ. ಬಾರದೆ ಇದ್ದದ್ದರಿಂದಲ್ಲ.

ಬೇಕರಿಯ ಬಾಗಿಲಿನ ಮೇಲೆ ಸ್ಪ್ರಿಂಗಿಗೆ ಕಟ್ಟಿದ ಒಂದು ಹಿತ್ತಾಳೆ ಗಂಟೆ ಇತ್ತು. ಬಾಗಿಲು ತಳ್ಳಿದರೆ ಟಿಂಗ್. ಆ ಟಿಂಗ್ ಕೇಳಿದ್ದೇ ತಡ, ಅಪ್ಪ ಹಿಟ್ಟಿನಲ್ಲಿ ಮೊಣಕೈವರೆಗೆ ಮುಳುಗಿದ್ದರೂ ಒಮ್ಮೆ ‘ಹ್ಹಂ’ ಎಂದು ಗಂಟಲು ಸರಿಮಾಡಿಕೊಂಡು, “ಯಾರೋ ಬಂದ್ರು ನೋಡು!” ಎಂದು ಕೂಗುತ್ತಿದ್ದರು. ಬಂದವರು ಹೆಂಗಸಾದರೆ ‘ತಾಯಿ’, ಗಂಡಸಾದರೆ ‘ಸ್ವಾಮಿ’. ಅವಸರ ಮಾಡಿದವರಿಗೆ ಸಿದ್ಧ ಉತ್ತರ: “ಅವಸರ ಇರೋರು ಬಸ್ ಸ್ಟ್ಯಾಂಡಿಗೆ ಹೋಗಿ ತಾಯಿ, ಹಿಟ್ಟಿನ ಹತ್ರ ಬರಬೇಡಿ. ಅದು ಮಲಗಿದೆ.” ಮಲಗಿದೆ ಎಂದು ತೋರಿಸಲು ಒದ್ದೆ ಬಟ್ಟೆ ಸರಿಸಿ, ಎರಡು ಬೆರಳಿನಿಂದ ಹಿಟ್ಟಿನ ಬೆನ್ನು ತಟ್ಟುತ್ತಿದ್ದರು, ಮಗುವಿನ ಬೆನ್ನು ತಟ್ಟಿದ ಹಾಗೆ.

ಆಮೇಲೆ ಕಾರ್ಖಾನೆಯಿಂದ ಕಾಗದ ಸುತ್ತಿಕೊಂಡು ಬರುವ ಬ್ರೆಡ್ಡು ಬಂತು. ಅದಕ್ಕೆ ನಿದ್ದೆಯೂ ಇರಲಿಲ್ಲ, ಮುಪ್ಪೂ ಇರಲಿಲ್ಲ. ಹಿಟ್ಟು ಮಲಗಿತು, ಅಂಗಡಿಯೂ ಮಲಗಿತು. ಬಾಗಿಲು ಮುಚ್ಚಿದ ದಿನ ಅಪ್ಪ ಮನೆಗೆ ತಂದದ್ದು ಒಂದೇ ವಸ್ತು, ತೋಳಿನಷ್ಟು ಉದ್ದದ ಮರದ ಲಟ್ಟಣಿಗೆ. ಗಂಟೆಯನ್ನು ಅಲ್ಲೇ ಬಿಟ್ಟು ಬಂದರು. ಆದರೆ ಗಂಟೆ ಅವರನ್ನು ಬಿಡಲಿಲ್ಲ. ಮನೆಯಲ್ಲಿ ಯಾರ ಮೊಬೈಲಾದರೂ ಟಿಂಗ್ ಎಂದರೆ ಸಾಕು, ಪೇಪರ್ ಓದುತ್ತಿದ್ದವರು ಕುರ್ಚಿಯಿಂದ ಅರ್ಧ ಎದ್ದು, “ಹ್ಹಂ, ಯಾರೋ ಬಂದ್ರು ನೋಡು,” ಎನ್ನುತ್ತಿದ್ದರು. ಮರುಕ್ಷಣ ನೆನಪಾಗಿ, ಪ್ಯಾಂಟಿನ ಮಡಿಕೆ ಸರಿಮಾಡಲೆಂದೇ ಎದ್ದವರ ಹಾಗೆ ಸರಿಮಾಡಿ ಕೂರುತ್ತಿದ್ದರು. ಅಮ್ಮ ಮತ್ತು ಗಿಳಿ ಇಬ್ಬರೂ ಕೇಳಿಸದವರಂತೆ ಇರುತ್ತಿದ್ದರು. ಅದು ಆ ಮನೆಯ ಮರ್ಯಾದೆ.

ಗಿಳಿಗೆ ಕೆಲಸ ಸಿಕ್ಕಿದ್ದು ದೊಡ್ಡ ಅಂಗಡಿಯೊಂದರಲ್ಲಿ. ಮೂರು ಮಹಡಿ ತುಂಬ ಫ್ರಿಜ್ಜು, ಟಿವಿ, ವಾಷಿಂಗ್ ಮಷಿನ್ನು. ಎರಡನೇ ಮಹಡಿಯಲ್ಲಿ ಎಸ್ಕಲೇಟರ್ ಇಳಿದೊಡನೆ ಸಿಗುವ ಮೇಜಿನ ಹಿಂದೆ ನಿಂತು, ಏರ್ ಫ್ರೈಯರಿನಲ್ಲಿ ಚಾಕೊಲೇಟ್ ತುಂಬಿದ ಪೇಸ್ಟ್ರಿ ಮಾಡಿ ತೋರಿಸುವುದು ಅವಳ ಕೆಲಸ.

“ಏರ್ ಫ್ರೈಯರ್ರಾ?” ಎಂದಿದ್ದರು ಅಪ್ಪ. “ಅದರಲ್ಲಿ ಏನೇ ಏರುತ್ತೆ? ಹಿಟ್ಟು ಏರುತ್ತಾ?”

“ಏರ್ ಅಂದ್ರೆ ಗಾಳಿ ಅಪ್ಪ. ಬಿಸಿ ಗಾಳಿ ಸುತ್ತುತ್ತೆ.”

“ಗಾಳಿ ಪೆಟ್ಟಿಗೆ ಅನ್ನು. ಏರೋದು ಬರೀ ಕರೆಂಟ್ ಬಿಲ್ಲು.” ಸ್ವಲ್ಪ ಹೊತ್ತು ಬಿಟ್ಟು, “ಹೋಗಲಿ, ಕೆಲಸ ಕೆಲಸಾನೇ. ಹಿಟ್ಟಿನ ಹತ್ರ ಇರ್ತೀಯಲ್ಲ,” ಎಂದರು.

ಹಿಟ್ಟಿನ ಹತ್ತಿರ ಇರುತ್ತಿರಲಿಲ್ಲ. ಇದ್ದದ್ದು ಫ್ರೀಜರಿನಿಂದ ಬರುವ, ಆಗಲೇ ಲಟ್ಟಿಸಿ ಮಡಿಸಿಟ್ಟ ಪಫ್ ಹಾಳೆ. ಸ್ವಲ್ಪ ಮೆತ್ತಗಾದ ಮೇಲೆ ಅಂಗೈಯಗಲ ಕತ್ತರಿಸಬೇಕು. ನಡುವೆ ಚಾಕೊಲೇಟಿನ ಎರಡು ತುಂಡು. ಪುಸ್ತಕ ಮುಚ್ಚಿದ ಹಾಗೆ ಮಡಿಸಿ, ಅಂಚನ್ನು ಫೋರ್ಕಿನಿಂದ ಒತ್ತಿ, ಮೇಲೆ ಹಾಲು ಸವರಿ, ಬುಟ್ಟಿಯಲ್ಲಿ ಒಂದಕ್ಕೊಂದು ತಾಗದಂತೆ ಇಡಬೇಕು. ಅಂಚು ಸರಿಯಾಗಿ ಒತ್ತದಿದ್ದರೆ ಒಳಗಿನ ಗಾಳಿ ಮೇಲಿನ ಪದರವನ್ನು ಎತ್ತಿ ಹಿಂದಕ್ಕೆ ಮಗುಚುತ್ತದೆ, ಟೋಪಿ ಹಾರಿದ ಬೋಳುತಲೆಯ ಹಾಗೆ ಚಾಕೊಲೇಟು ಹೊರಗೆ ಇಣುಕುತ್ತದೆ. ಎಂಟು ನಿಮಿಷಕ್ಕೆ ಟಿಂಗ್. ಮೇಲೆ ಸಕ್ಕರೆ ಪುಡಿ. ಸಕ್ಕರೆ ಪುಡಿ ಕೊನೆಗೇ, ಮೊದಲೇ ಉದುರಿಸಿದರೆ ಪೆಟ್ಟಿಗೆಯೊಳಗೆ ಮಂಜು ಬೀಳುತ್ತದೆ. ಗಾಳಿ ಬಂದಾಗ ತೂರಿಕೋ ಎಂದ ಹಿರಿಯರು ಏರ್ ಫ್ರೈಯರ್ ನೋಡಿರಲಿಲ್ಲ.

ಮೊದಮೊದಲು ಅವಳ ಮೇಜಿನ ಮುಂದೆ ನೊಣವೂ ನಿಲ್ಲಲಿಲ್ಲ. ಕಂಪನಿ ಕೊಟ್ಟ ಕಾರ್ಡಿನಲ್ಲಿ ಇದ್ದದ್ದನ್ನೇ ಓದುತ್ತಿದ್ದಳು: “ಪ್ರಿಯ ಗ್ರಾಹಕರೇ, ಆರೋಗ್ಯಕರ ಜೀವನಶೈಲಿಯತ್ತ ಇಂದೇ ಹೆಜ್ಜೆ ಇಡಿ.” ಗ್ರಾಹಕರು ಹೆಜ್ಜೆ ಇಡುತ್ತಿದ್ದರು, ಟಿವಿ ವಿಭಾಗದ ಕಡೆಗೆ.

ಮಹಡಿಯ ಮ್ಯಾನೇಜರ್ ಪ್ರತಿ ವಾಕ್ಯದ ತುದಿಗೂ ‘ಓಕೆನಾ’ ಎಂಬ ಬಾಲ ಕಟ್ಟುವವನು. ಹಾಗಾಗಿ ಹಿಂದಿನಿಂದ ಎಲ್ಲರಿಗೂ ಅವನು ಓಕೆನಾ. “ನೋಡಮ್ಮ, ಹೀಗೇ ಆದ್ರೆ ಈ ಮೇಜಿಗೆ ಇಸ್ತ್ರಿ ಪೆಟ್ಟಿಗೆ ಇಡ್ತೀವಿ, ಓಕೆನಾ? ನಿನ್ನ ವಿಷಯ ಆಮೇಲೆ ನೋಡೋಣ, ಓಕೆನಾ?”

ಓಕೆ ಅಲ್ಲ. ಮನೆಗೆ ಬರುತ್ತಿದ್ದ ಸಂಬಳ ಅವಳದೊಂದೇ.

ಅದೇ ದಿನ ಒಬ್ಬ ಹೆಂಗಸು ಮೇಜಿನ ಮುಂದೆ ನಿಂತು, ಪೆಟ್ಟಿಗೆಯ ಗಾಜಿನೊಳಗೆ ಇಣುಕಿ, “ಇನ್ನೂ ಆಗಿಲ್ವಾ? ಎಷ್ಟೊತ್ತು? ಇನ್ನೂ ಎಷ್ಟೊತ್ತು?” ಎಂದು ಬೆರಳಿನಿಂದ ಟಕಟಕ ಬಡಿದಳು. ಗಿಳಿ ಕಾರ್ಡಿನ ಮಾತಿಗಾಗಿಯೇ ಬಾಯಿ ತೆರೆದದ್ದು. ಹೊರಬಂದದ್ದು ‘ಹ್ಹಂ’ ಎಂಬ ಗಂಟಲ ಸದ್ದು. ಅದರ ಹಿಂದೆಯೇ, “ಅವಸರ ಇರೋರು ಬಸ್ ಸ್ಟ್ಯಾಂಡಿಗೆ ಹೋಗಿ ತಾಯಿ, ಹಿಟ್ಟಿನ ಹತ್ರ ಬರಬೇಡಿ!”

ಹುಡುಗಿಯ ಬಾಯಲ್ಲಿ ಮುದುಕನ ದನಿ. ಹೆಂಗಸು ಬೆಚ್ಚಿ ಹಿಂದೆ ನೋಡಿದಳು, ಯಾರೂ ಇಲ್ಲ. ಮತ್ತೆ ಮುಂದೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಕೇಳಿ ಇನ್ನಿಬ್ಬರು ಬಂದರು. ಪಕ್ಕದ ವಾಷಿಂಗ್ ಮಷಿನ್ ಅಕ್ಕ ತನ್ನ ಗಿರಾಕಿಗಳನ್ನು ನೊರೆಯಲ್ಲೇ ಬಿಟ್ಟು ಓಡಿ ಬಂದಳು.

“ಇನ್ನೊಂದ್ಸಲ ಮಾಡೇ!”

ಅಲ್ಲಿಂದ ಮಾಸ್ಟರ್ ಹುಟ್ಟಿದರು. ದಿನದಿಂದ ದಿನಕ್ಕೆ ಬೆಳೆದರು. ಏಪ್ರನ್ ತಿರುಗಿಸಿ ಹೆಗಲಿಗೆ ಹಾಕಿಕೊಂಡು, ಬೆನ್ನು ಬಗ್ಗಿಸಿದರೆ ಮಾಸ್ಟರ್. ನೆಟ್ಟಗೆ ನಿಂತರೆ ಗಿಳಿ. ಮಾಸ್ಟರ್ ಇಲ್ಲದ ಹಿಟ್ಟಿನ ಬೆನ್ನು ತಟ್ಟಿ, “ಶ್, ಮಲಗಿದೆ, ಎಬ್ಬಿಸಬೇಡಿ” ಎನ್ನುತ್ತಿದ್ದರು. ಅಷ್ಟರಲ್ಲಿ ಗಿಳಿ ಹಾಳೆ ಕತ್ತರಿಸಿ, ಚಾಕೊಲೇಟ್ ಇಟ್ಟು, ಮಡಿಸಿ, ಪೆಟ್ಟಿಗೆಗೆ ತಳ್ಳಿಯಾಗಿರುತ್ತಿತ್ತು. ಮಾಸ್ಟರ್ ಆ ಎಂಟು ನಿಮಿಷವೂ ಗಾಳಿಯನ್ನೇ ಬೈಯುತ್ತಿದ್ದರು. “ಗಾಳೀಲಿ ಗೋಪುರ ಕಟ್ಟೋರನ್ನ ನೋಡಿದ್ದೆ ಸ್ವಾಮಿ, ಗಾಳೀಲಿ ಪೇಸ್ಟ್ರಿ ಕಟ್ಟೋರನ್ನ ಇವತ್ತೇ ನೋಡಿದ್ದು.” ಬೈದು ಬೈದು ಸುಸ್ತಾಗಿ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದರು. ಕೊನೆಗೆ ಪೇಸ್ಟ್ರಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಮುಖ ಹುಳಿಮಾಡಿ, ಜಗತ್ತಿಗೇ ಉಪಕಾರ ಮಾಡುವವರಂತೆ ಹೇಳುತ್ತಿದ್ದರು: “ಪರವಾಗಿಲ್ಲ ತಾಯಿ.” ಅಷ್ಟು ಹೇಳಿದರೆ ಜನ ಚಪ್ಪಾಳೆ ತಟ್ಟಿ, ಪೆಟ್ಟಿಗೆ ಹೊತ್ತುಕೊಂಡು ಬಿಲ್ಲಿನ ಕೌಂಟರಿಗೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ, ಮಾಸ್ಟರ್ ತೂಕಡಿಸುತ್ತಿರುವಾಗಲೇ ಪೆಟ್ಟಿಗೆ ಟಿಂಗ್ ಎಂದಿತು. ಗಿಳಿಯ ಮೈ ಯೋಚಿಸಲಿಲ್ಲ. ಅರ್ಧ ಎದ್ದು, ಗಾಬರಿಯಾಗಿ, “ಹ್ಹಂ, ಯಾರೋ ಬಂದ್ರು ನೋಡು!” ಎಂದಿತು. ಆಮೇಲೆ ಯಾರೂ ಇಲ್ಲವೆಂದು ತಿಳಿದು ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡು ಕೂತಿತು.

ಅಷ್ಟು ದೊಡ್ಡ ನಗು ಆ ಮಹಡಿಯಲ್ಲಿ ಅದುವರೆಗೆ ಕೇಳಿರಲಿಲ್ಲ. ಎಸ್ಕಲೇಟರಿನಲ್ಲಿ ಮೇಲೆ ಹೋಗುತ್ತಿದ್ದವರು ಹಿಂದಕ್ಕೆ ಇಳಿಯಲು ನೋಡಿದರು.

“ಅದನ್ನ ಇಟ್ಕೋ,” ಎಂದ ಓಕೆನಾ, ಕಣ್ಣು ಒರೆಸಿಕೊಳ್ಳುತ್ತ. “ಆ ಪ್ಯಾಂಟ್ ಸರಿಮಾಡ್ಕೊಳ್ಳೋದು, ಅದೇ ಹೈಲೈಟು, ಓಕೆನಾ?”

ಆ ಸಂಜೆ ಮನೆಯಲ್ಲಿ ಅಮ್ಮನ ಮೊಬೈಲು ಟಿಂಗ್ ಎಂದಿತು. ಅಪ್ಪ ಅರ್ಧ ಎದ್ದರು. ಗಿಳಿ ಎದ್ದು ಸ್ನಾನದ ಮನೆಗೆ ಹೋಗಿ, ಬೇಕಿಲ್ಲದಿದ್ದರೂ ಮುಖ ತೊಳೆದುಕೊಂಡಳು. ಬಿಟ್ಟುಬಿಡುತ್ತೇನೆ, ಅದೊಂದನ್ನು ಬಿಟ್ಟುಬಿಡುತ್ತೇನೆ ಎಂದುಕೊಂಡಳು. ಮರುದಿನ ಬಿಟ್ಟೂ ನೋಡಿದಳು. ಜನ ಕೈಕಟ್ಟಿ ಕಾದರು. ಹಿಂದಿನ ದಿನ ಬಂದಿದ್ದವನೊಬ್ಬ ಹೆಂಡತಿಯನ್ನು ಕರೆತಂದಿದ್ದ. “ಎಲ್ಲಿ ರೀ ಆ ಟಿಂಗ್ ಡೈಲಾಗು?” ಎಂದು ಕೇಳಿದ. ಓಕೆನಾ ದೂರದಿಂದ ಹುಬ್ಬೇರಿಸಿದ. ಹುಲಿ ಸವಾರಿ ಹತ್ತುವುದು ಸುಲಭ. ಇಳಿಯುವುದಕ್ಕೆ ಹುಲಿಯೂ ಒಪ್ಪಬೇಕು.

ಇಷ್ಟರಲ್ಲಿ ಕಂಪನಿಯ ದೊಡ್ಡ ಮೇಡಂ ಶನಿವಾರ ಬರುತ್ತಾರೆಂದು ಸುದ್ದಿ ಬಂತು. “ನಿನ್ನ ಮಾಸ್ಟರನ್ನ ನೋಡೋಕೇ ಬರ್ತಿರೋದು. ಅವರಿಗೆ ಹಿಡಿಸಿದ್ರೆ ನೀನು ಖಾಯಂ. ಇಲ್ದಿದ್ರೆ ಈ ತಿಂಗಳೇ ಕೊನೆ, ಓಕೆನಾ? ನಾಟಕದಲ್ಲಿ ಇರುತ್ತಲ್ಲ, ಹಾಗೆ ಒಂದು ಪ್ರಾಪರ್ಟಿ ತಾ. ಹಳೇ ಕಾಲದ ದೊಡ್ಡ ಲಟ್ಟಣಿಗೆ ಇದ್ರೆ ಚೆನ್ನ. ಮಾಸ್ಟರು ನಿದ್ದೆ ಮಾಡೋವಾಗ ತಲೆ ಕೆಳಗೆ ಇಟ್ಕೊಳ್ಲಿ.”

ಮನೆಯಲ್ಲಿ ಗಿಳಿ ಬಾಯಿ ಬಿಟ್ಟದ್ದು ಅರ್ಧ. “ಅಪ್ಪ, ಶನಿವಾರ ಕೆಲಸಕ್ಕೆ ನಿಮ್ಮ ಲಟ್ಟಣಿಗೆ ಬೇಕಿತ್ತು. ದೊಡ್ಡ ಮೇಡಂ ಬರ್ತಾರೆ.”

ಅಪ್ಪ ಪೇಪರ್ ಮಡಿಸಿದರು. “ನನ್ನ ಲಟ್ಟಣಿಗೇನಾ?”

“ಹೂಂ.”

“ಅಂದ್ರೆ ಕೈಯಲ್ಲಿ ಲಟ್ಟಿಸೋಕೆ ಬಿಡ್ತಾರೆ ಅನ್ನು. ಆ ಸತ್ತ ಹಾಳೆ ಬಿಟ್ಟು.”

ಇಲ್ಲ ಎನ್ನಲು ಅವಳಿಗೆ ಸಮಯವಿತ್ತು. ಅಪ್ಪ ಆಗಲೇ ಕಪಾಟಿನ ಮೇಲಿನಿಂದ ಲಟ್ಟಣಿಗೆ ಇಳಿಸುತ್ತಿದ್ದರು. ಧೂಳು ಒರೆಸಿ, ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ತುದಿಯಿಂದ ತುದಿಗೆ ಸವರಿದರು.

“ಬಿಗಿಯಾಗಿ ಹಿಡೀಬೇಡ ಕಣೇ. ಅದರ ಭಾರಕ್ಕೇ ಅದು ಉರುಳುತ್ತೆ. ನೀನು ಸುಮ್ನೆ ದಾರಿ ತೋರಿಸು.”

“ಆಯ್ತಪ್ಪ.”

“ಬಿಡಿ, ಅವಳಿಗೇನು ಗೊತ್ತಿಲ್ವಾ,” ಎಂದಳು ಅಮ್ಮ. “ಭಟ್ಟಿ ಹಿಂದೇನೇ ಬೆಳೆದೋಳು.”

“ಗೊತ್ತಿದೆ,” ಎಂದರು ಅಪ್ಪ. ಎಣ್ಣೆ ಹಚ್ಚಿದ ಮರ ಕಿಟಕಿಯ ಬೆಳಕಿಗೆ ಹೊಳೆಯಿತು. “ಕಾಲೇಜು ಓದಿದೋಳು ಹಿಟ್ಟು ಮುಟ್ಟಲ್ಲ ಅಂದ್ಕೊಂಡಿದ್ದೆ. ಪರವಾಗಿಲ್ಲ.”

ಶನಿವಾರ ಮಹಡಿ ಕಿಕ್ಕಿರಿದಿತ್ತು. ದೊಡ್ಡ ಮೇಡಂ ಮುಂದಿನ ಸಾಲಿನಲ್ಲಿ, ಮಾರಾಟಕ್ಕಿಟ್ಟ ಮಸಾಜ್ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದಳು. ಓಕೆನಾ ಅವಳ ಹಿಂದೆ ಕುರ್ಚಿಯ ಜೊತೆಗೆ ಕೊಟ್ಟ ಉಚಿತ ಕೊಡುಗೆಯಂತೆ ನಿಂತಿದ್ದ. ಗಿಳಿ ಏಪ್ರನ್ ಹೆಗಲಿಗೆ ಏರಿಸಿ ಬೆನ್ನು ಬಗ್ಗಿಸಿದಳು. ಮಾಸ್ಟರ್ ಬಂದರು. ಹ್ಹಂ ಎಂದರು. ಬಸ್ ಸ್ಟ್ಯಾಂಡಿನ ಮಾತಿಗೆ ಮೇಡಂ ಮುಗುಳ್ನಕ್ಕಳು. ಗಾಳಿಗೋಪುರದ ಮಾತಿಗೆ ಹಲ್ಲು ಕಾಣಿಸಿದವು. ಗಿಳಿ ಪೇಸ್ಟ್ರಿಗಳನ್ನು ಬುಟ್ಟಿಗೆ ಜೋಡಿಸಿ ಒಳಗೆ ತಳ್ಳಿ, ಮತ್ತೆ ಮಾಸ್ಟರಾಗಿ, ಮೇಜಿನ ಕೆಳಗಿನಿಂದ ಲಟ್ಟಣಿಗೆ ತೆಗೆದಳು.

ಆಗ ನೋಡಿದಳು. ಎಸ್ಕಲೇಟರಿನ ಪಕ್ಕ, ಫ್ರಿಜ್ಜುಗಳ ಸಾಲಿನ ಮುಂದೆ, ಇಸ್ತ್ರಿ ಹಾಕಿದ ಬಿಳಿ ಅಂಗಿ. ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದರು ಅಪ್ಪ. ಮಗಳು ತಮ್ಮ ಲಟ್ಟಣಿಗೆಯಿಂದ ಹಿಟ್ಟು ಲಟ್ಟಿಸುವುದನ್ನು ನೋಡಲು ಬಂದಿದ್ದರು. ಮುಖದಲ್ಲಿ ಅರ್ಧ ನಗು ಇತ್ತು, ಜನರೆಲ್ಲ ನಗುತ್ತಿದ್ದಾರೆ, ತಾವೂ ನಗದಿದ್ದರೆ ಏನಂದುಕೊಳ್ಳುತ್ತಾರೋ ಎಂಬಂಥ ನಗು. ಯಾರ ದನಿ ಅದೆಂದು ಇನ್ನೂ ಹೊಳೆದಿರಲಿಲ್ಲ. ತನ್ನ ದನಿ ತನಗೇ ಹೊರಗಿನಿಂದ ಕೇಳಿಸಿದರೆ ಯಾರಿಗೂ ಬೇಗ ಗುರುತು ಸಿಗುವುದಿಲ್ಲ.

ಗಿಳಿಯ ಕೈಯಲ್ಲಿ ಲಟ್ಟಣಿಗೆ. ಮುಂದೆ ಮೇಡಂ. ಪೆಟ್ಟಿಗೆಯಲ್ಲಿ ಗಾಳಿ ಸುಯ್ಯೆಂದು ಸುತ್ತುತ್ತಿತ್ತು.

“ಹಿಟ್ಟು ಮಲಗಿದ ಮೇಲೆ ಮಾಸ್ಟರ್ ಎದ್ದಿದ್ರೆ ಮರ್ಯಾದೆ ಅಲ್ಲ ಸ್ವಾಮಿ,” ಎಂದಿತು ಅವಳ ಬಾಯಿ. ಲಟ್ಟಣಿಗೆಯನ್ನು ಮೇಜಿನ ಮೇಲೆ ಅಡ್ಡ ಇಟ್ಟು, ಅದರ ಮೇಲೆ ತಲೆಯಿಟ್ಟು ಗೊರಕೆ ಹೊಡೆಯಿತು. ಜನ ಸಿಳ್ಳೆ ಹಾಕಿದರು. ಕೆನ್ನೆಗೆ ಎಣ್ಣೆಯ ನುಣುಪು ತಾಗಿತು. ಕಣ್ಣು ಮುಚ್ಚಿಕೊಂಡೇ ಅವಳು ಲೆಕ್ಕ ಹಾಕಿದಳು: ಟಿಂಗ್ ಆಗುವ ಮೊದಲು ಎದ್ದು ನೆಟ್ಟಗೆ ನಿಲ್ಲಬಹುದು. ‘ಇಗೋ ಬಿಸಿ ಬಿಸಿ ಪೇಸ್ಟ್ರಿ’ ಎಂದು ತನ್ನ ದನಿಯಲ್ಲೇ ಮುಗಿಸಬಹುದು. ಮೇಡಂಗೆ ಇಷ್ಟಾದರೂ ಹಿಡಿಸಿದೆ. ಬಹುಶಃ ಹಿಡಿಸಿದೆ. ಬಹುಶಃ.

ಟಿಂಗ್.

“ಹ್ಹಂ! ಯಾರೋ ಬಂದ್ರು ನೋಡು!”

ಅರ್ಧ ಎದ್ದಳು. ಸುತ್ತ ನೋಡಿದಳು. ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡಳು. ನಗು ಛಾವಣಿಗೆ ಬಡಿಯಿತು. ದೊಡ್ಡ ಮೇಡಂ ಮಸಾಜ್ ಕುರ್ಚಿಯ ಕೈ ಬಡಿದು ನಗುವ ಭರದಲ್ಲಿ ಯಾವುದೋ ಗುಂಡಿ ಒತ್ತಿ, ಕುರ್ಚಿ ಅವಳನ್ನು ಗಡಗಡ ನಡುಗಿಸತೊಡಗಿತು. ಅದಕ್ಕೂ ಜನ ನಕ್ಕರು.

ಅಪ್ಪನ ಮುಖದಲ್ಲಿದ್ದ ಅರ್ಧ ನಗು ಹಾಗೇ ಇತ್ತು. ತೆಗೆಯಲು ಮರೆತ ಬೆಲೆಚೀಟಿಯ ಹಾಗೆ.

“ರುಚಿ! ರುಚಿ ನೋಡಲಿ ಯಾರಾದ್ರೂ!” ಓಕೆನಾ ಉತ್ಸಾಹದಲ್ಲಿ ಮುಂದೆ ಬಂದು, ಆರಲು ಬಿಡದೆಯೇ ಒಂದು ಪೇಸ್ಟ್ರಿಯನ್ನು ಕಾಗದದ ತಟ್ಟೆಗೆ ಹಾಕಿಕೊಂಡ. ಸಕ್ಕರೆ ಪುಡಿ ಅವನೇ ಉದುರಿಸಿದ, ಅರ್ಧ ತನ್ನ ಟೈಗೆ. ಗುಂಪಿನ ಮೇಲೆ ಕಣ್ಣಾಡಿಸಿ, ಇದ್ದವರಲ್ಲೆಲ್ಲ ಹಿರಿಯರನ್ನೇ ಹುಡುಕಿದ. “ಯಜಮಾನ್ರೇ, ನೀವು! ಬಿಳಿ ಅಂಗಿ! ಮುಂದೆ ಬನ್ನಿ. ಹಳೇ ಕಾಲದೋರು ನೀವು, ಸತ್ಯ ಹೇಳ್ಬೇಕು, ಓಕೆನಾ?”

ಜನ ದಾರಿ ಬಿಟ್ಟರು. ಅಪ್ಪ ಬಂದರು. ಮಗಳ ಮುಖ ನೋಡಲಿಲ್ಲ. ತಟ್ಟೆಯನ್ನು ನೋಡಿದರು. ಕೈ ತನ್ನಷ್ಟಕ್ಕೆ ಮೇಲೆದ್ದು ಎರಡು ಬೆರಳಿನಿಂದ ಪೇಸ್ಟ್ರಿಯ ಬೆನ್ನು ತಟ್ಟಿತು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅಪ್ಪ ಕಚ್ಚಿದರು. ಪದರಗಳು ಗರಗರ ಮುರಿದವು. ಒಳಗಿನ ಚಾಕೊಲೇಟು ಕುದಿಯುತ್ತಿತ್ತು. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕಣ್ಣಲ್ಲಿ ನೀರು ಬಂತು. ನುಂಗಿದರು.

“ಹ್ಹಂ,” ಎಂದರು. “ಪರವಾಗಿಲ್ಲ ತಾಯಿ.”

ಮಹಡಿ ನಗುವಿನಿಂದ ಬಿರಿಯಿತು.

“ಅರೆ! ತಾತ ಮಾಸ್ಟರ್ ಥರಾನೇ ಮಾಡ್ತಾರಲ್ಲೋ!”

“ಸೂಪರ್ ತಾತ!”

“ಆ ಹುಡುಗೀದೇ ಕಾಪಿ ಹೊಡೆದ್ರು! ಆಗಲೇ ಕಲಿತುಬಿಟ್ರು ನೋಡು!”

“ಪರವಾಗಿಲ್ಲ ಅನ್ನೋದು ಸರಿ ಬಂತು,” ಎಂದ ಒಬ್ಬ, ದಿನವೂ ಬರುತ್ತಿದ್ದ ಅಭಿಮಾನಿ. “ಆ ಹ್ಹಂ ಇದೆಯಲ್ಲ, ಅದು ಅಷ್ಟು ಬರಲಿಲ್ಲ. ಈ ಹುಡುಗಿ ಮಾಡೋದರಲ್ಲಿ ಒಂದು ಗಟ್ಟಿತನ ಇದೆ.”

ದೊಡ್ಡ ಮೇಡಂ ಕುರ್ಚಿಯನ್ನು ನಿಲ್ಲಿಸಿಕೊಂಡು ಮುಂದಕ್ಕೆ ಬಾಗಿದಳು. “ಯಜಮಾನ್ರೇ, ಆ ಟಿಂಗ್ ಡೈಲಾಗೂ ಹೇಳಿ, ಪ್ಲೀಸ್! ಯಾರಾದ್ರೂ ವಿಡಿಯೋ ಮಾಡ್ಕೊಳ್ಳಿ.”

ಓಕೆನಾ ಪೆಟ್ಟಿಗೆಯ ಗುಂಡಿ ತಿರುಗಿಸಿ ಟಿಂಗ್ ಅನ್ನಿಸಿದ.

ಅಪ್ಪ ಈಗ ಮಗಳನ್ನು ನೋಡಿದರು. ಅವಳ ಕೈ ಲಟ್ಟಣಿಗೆಯ ಮೇಲಿತ್ತು, ಬಿಗಿಯಾಗಿ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇವರು ನಮ್ಮಪ್ಪ. ಎರಡು ಸಾಮಾನ್ಯ ಸದ್ದುಗಳು. ಊರಿನ ಸದ್ದನ್ನೆಲ್ಲ ನಾಲಿಗೆಯ ಮೇಲಿಟ್ಟುಕೊಂಡವಳಿಗೆ ಆ ಎರಡು ಬರಲಿಲ್ಲ. ಬಾಯಿ ತೆರೆದರೆ ಯಾರ ದನಿ ಬಂದೀತೋ ಎಂದು ಅವಳಿಗೇ ಹೆದರಿಕೆಯಾಗಿತ್ತು.

ಅವಳ ಕಣ್ಣಿನಲ್ಲಿ ಅಪ್ಪ ಏನು ಓದಿದರೋ. ಮೇಡಂ ಕಡೆ ತಿರುಗಿದರು.

“ಯಾರೋ… ಬಂದ್ರು, ನೋಡು,” ಎಂದರು, ಶಾಲೆಯ ಮಗು ಪಾಠ ಒಪ್ಪಿಸಿದ ಹಾಗೆ. ಆಮೇಲೆ ಬಾಗಿ, ನೋಡಿ ನೆನಪಿಟ್ಟುಕೊಂಡವರಂತೆ, ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡರು.

ಅಷ್ಟೇನೂ ನಗು ಬರಲಿಲ್ಲ. ಮರ್ಯಾದೆಗೆಂದು ಒಂದಿಷ್ಟು ಚಪ್ಪಾಳೆ ಬಿತ್ತು.

“ಪರವಾಗಿಲ್ಲ, ಓಕೆನಾ? ಪ್ರಯತ್ನಪಟ್ರಲ್ಲ!” ಎಂದು ಓಕೆನಾ ಅವರ ಬೆನ್ನು ತಟ್ಟಿ, ಕೈಗೆ ಒಂದು ಉಚಿತ ಸ್ಪೂನಿನ ಸೆಟ್ ಕೊಟ್ಟ.

“ನೋಡಿ, ಇದು ಎಲ್ಲರಿಗೂ ಬರೋದಲ್ಲ,” ಎಂದಳು ಮೇಡಂ ಗಿಳಿಗೆ. “ಎಲ್ಲಿಂದ ಹಿಡಿದ್ರಿ ಈ ಕ್ಯಾರೆಕ್ಟರನ್ನ? ನಿಜವಾಗಲೂ ಇಂಥೋರು ಯಾರಾದ್ರೂ ಇದ್ರಾ?”

ಬಿಳಿ ಅಂಗಿ ಇನ್ನೂ ಗುಂಪು ದಾಟಿರಲಿಲ್ಲ.

“ಹಾಗೇನಿಲ್ಲ ಮೇಡಂ,” ಎಂದಳು ಗಿಳಿ. “ನಾನೇ ಕಟ್ಟಿದ್ದು.”

ಕೆಲಸ ಖಾಯಂ ಆಯಿತು. ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ಕೇಳಿದಳು, “ಏನಾಯ್ತೇ?” ಗಿಳಿ ಹೇಳಿದಳು. ಅಮ್ಮ ಕೆನ್ನೆ ಹಿಂಡಿದಳು, ಒಳಗೆ ಕೂಗಿದಳು, “ಕೇಳಿಸ್ತಾ ರೀ? ಖಾಯಂ ಅಂತೆ!”

“ಕೇಳಿಸಿತು,” ಎಂದರು ಅಪ್ಪ. “ಬಹಳ ಸಂತೋಷ.”

ಅಮ್ಮ ಗಿಳಿಯ ಮುಖ ನೋಡಿದಳು. ಈ ಮನೆಯಲ್ಲಿ ‘ಬಹಳ ಸಂತೋಷ’ ಎಂಬ ಸಾಮಾನು ಇರಲೇ ಇಲ್ಲ. ಗಿಳಿ ಚೀಲದಿಂದ ಲಟ್ಟಣಿಗೆ ತೆಗೆದು ಮೇಜಿನ ಮೇಲಿಟ್ಟಳು. ಅಪ್ಪ ಅದನ್ನು ಕಪಾಟಿನ ಮೇಲೆ ಹಾಕಲಿಲ್ಲ. ಮುಟ್ಟಲೂ ಇಲ್ಲ. “ಅದು ನಿನ್ನ ಕೆಲಸಕ್ಕೆ ಬೇಕಾಗುತ್ತದೆ. ನೀನೇ ಇಟ್ಟುಕೋ,” ಎಂದರು.

ಅಂದಿನಿಂದ ಅಪ್ಪ ಮಾತಾಡುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಕೋಪ ಎನ್ನಬಹುದಿತ್ತು, ಕಾಲು ಹಿಡಿಯಬಹುದಿತ್ತು. ಬಿಟ್ಟದ್ದು ತಮ್ಮ ಮಾತನ್ನು. “ಊಟವಾಯಿತು. ಚೆನ್ನಾಗಿತ್ತು.” “ದೀಪ ಆರಿಸುತ್ತೇನೆ.” “ನಾಳೆ ಬೇಗ ಏಳಬೇಕಾಗಿದೆ.” ಒಂದು ತಿರುವಿಲ್ಲ, ಒಂದು ಕೊಂಕಿಲ್ಲ. ಗಂಟಲು ಸರಿಮಾಡಿಕೊಳ್ಳುವುದಿಲ್ಲ. ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಾರೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಕಳ್ಳನಿಗೆ ಏನೂ ಸಿಗಬಾರದೆಂದು ಸಾಮಾನೆಲ್ಲ ತೆರವು ಮಾಡಿದವರ ಹಾಗೆ.

“ಏನ್ರೀ ಇದು, ರೇಡಿಯೋ ವಾರ್ತೆ ಓದೋ ಥರ!” ಅಮ್ಮ ಮೊದಲು ನಕ್ಕಳು. ಆಮೇಲೆ ಬೈದಳು. ಕೊನೆಗೆ ಡಾಕ್ಟರಿಗೆ ತೋರಿಸೋಣವೇ ಎಂದು ಗಿಳಿಯನ್ನು ಕೇಳಿದಳು. “ನಿಂಗೇನಾದ್ರೂ ಗೊತ್ತಾ? ಆ ಶನಿವಾರ ನಿನ್ನ ಅಂಗಡಿಗೆ ಹೋಗ್ತೀನಿ ಅಂತ ಅಂಗಿ ಇಸ್ತ್ರಿ ಮಾಡಿಸ್ಕೊಂಡು ಹೋದ್ರು. ಬಂದ್ರಾ?”

“ತುಂಬ ಜನ ಇದ್ರಮ್ಮ,” ಎಂದಳು ಗಿಳಿ.

ಅಂಗಡಿಯಲ್ಲಿ ಮಾಸ್ಟರ್ ಚೆನ್ನಾಗಿಯೇ ಇದ್ದರು. ಮೇಡಂ ಆ ಮಾಸ್ಟರನ್ನು ಇನ್ನೂ ಎರಡು ಅಂಗಡಿಗೆ ಕಳಿಸಿದಳು. ಜನ ನಗುತ್ತಿದ್ದರು, ಪೆಟ್ಟಿಗೆ ಕೊಳ್ಳುತ್ತಿದ್ದರು. ಗಿಳಿಗೆ ಮಾತ್ರ ಒಂದು ತೊಂದರೆ ಶುರುವಾಯಿತು. ‘ಹ್ಹಂ’ ಸರಿ ಬಂತೋ ಇಲ್ಲವೋ ಎಂದು ಸಂಜೆ ಮನೆಗೆ ಹೋಗಿ ಹೋಲಿಸಿ ನೋಡಲು ಈಗ ಏನೂ ಇರಲಿಲ್ಲ. ದಿನವೂ ಒಂದು ಕೂದಲೆಳೆಯಷ್ಟು ಅದು ಆಚೀಚೆ ಜಾರುತ್ತಿತ್ತು. ತಾನು ಅಪ್ಪನನ್ನು ಮಾಡುತ್ತಿದ್ದೇನೋ, ನಿನ್ನೆ ಮಾಡಿದ್ದನ್ನೇ ಮಾಡುತ್ತಿದ್ದೇನೋ ಅವಳಿಗೆ ತಿಳಿಯದಾಯಿತು.

ಒಂದು ಭಾನುವಾರ ಮೂವರೂ ಮನೆಯಲ್ಲಿದ್ದರು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಪ್ಪ ಪೇಪರ್ ಹಿಡಿದಿದ್ದರು. ಮೇಜಿನ ಮೇಲಿದ್ದ ಮೊಬೈಲು ಟಿಂಗ್ ಎಂದಿತು.

ಅಪ್ಪ ಅಲುಗಲಿಲ್ಲ. ಪೇಪರಿನ ಅಂಚು ಮಾತ್ರ ಒಂದಿಷ್ಟು ನಡುಗಿತು, ಗಾಳಿಗೆ ಎನ್ನಬಹುದಾದಷ್ಟು. ಗಿಳಿ ಕಾದಳು. ಆ ಮೌನ ಅವಳಿಗೆ ತಡೆಯದಾಯಿತು. ಕರೆದರೆ ಬರಬಹುದು ಎಂದುಕೊಂಡಳೋ, ಬಾಯಿಯ ಅಭ್ಯಾಸವೋ.

“ಹ್ಹಂ, ಯಾರೋ ಬಂದ್ರು ನೋಡು.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಅಬ್ಬಾ! ಈಗ ಸರಿಹೋದ್ರಲ್ಲ!” ಅಮ್ಮನ ದನಿಯಲ್ಲಿ ಅಳುವೂ ನಗುವೂ ಒಟ್ಟಿಗೇ ಇದ್ದವು. “ಎಷ್ಟು ದಿನ ಆಗಿತ್ತು ಈ ದನಿ ಕೇಳಿ! ಯಾರೂ ಬಂದಿಲ್ಲ ಕಣ್ರೀ, ಮೊಬೈಲು ಅದು. ಕೂತ್ಕೊಳ್ಳಿ, ಟೀ ತರ್ತೀನಿ.”

ಅಪ್ಪ ಪೇಪರ್ ಇಳಿಸಿದರು. ತಂದೆ ಮಗಳು ಒಬ್ಬರನ್ನೊಬ್ಬರು ನೋಡಿದರು. ಒಳಗೆ ಅಮ್ಮ ಏನೋ ಗುನುಗುತ್ತ ಸ್ಟೌ ಹಚ್ಚುವುದು ಕೇಳಿಸುತ್ತಿತ್ತು. ಅಪ್ಪ ಅಮ್ಮನಿಗೆ ನಿಜ ಹೇಳಲಿಲ್ಲ.

“ಚೆನ್ನಾಗಿದೆ,” ಎಂದರು ಮಗಳಿಗೆ, ಮೆಲ್ಲಗೆ. “ತುಂಬಾ ಚೆನ್ನಾಗಿದೆ.”

ಮತ್ತೆ ಪೇಪರ್ ಎತ್ತಿಕೊಂಡರು.